ಕೈ ಇಟ್ಟು ತೋರಿಸಿ

ಪರಿಚಯವಾದ ದಿನವೇ ನಾನು ತಾಹಿರಾಳ ಕನ್ನಡವನ್ನು ಬೈದಿದ್ದೆ. ಅಮೆರಿಕದ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಕೊನೆಯ ಚೀಲಕ್ಕೆ ನಾನು ಕೈ ಹಾಕುವುದಕ್ಕೂ ಇನ್ನೊಂದು ಕೈ ಬರುವುದಕ್ಕೂ ಸರಿಹೋಯಿತು. ತಲೆಯ ಮೇಲೆ ದುಪಟ್ಟ, ಮೂಗಿನ ಮೇಲೆ ಕನ್ನಡಕ, ಮುಖದಲ್ಲಿ ಹೈಸ್ಕೂಲು ಹೆಡ್‌ಮಿಸ್ಸಿನ ಗಾಂಭೀರ್ಯ. “ದಯವಿಟ್ಟು ನೀವೇ ತೆಗೆದುಕೊಳ್ಳಿ, ನನಗೇನೂ ಅವಸರವಿಲ್ಲ” ಎಂದಳು. ನಾನು ಹಿಟ್ಟು ಬಿಟ್ಟು ಅವಳ ಮುಖ ನೋಡಿದೆ. “ಯವ್ವಾ, ಹಿಂಗ್ಯಾಕ ಮಾತಾಡ್ತಿ? ರೇಡಿಯೋದಾಗ ವಾರ್ತಾ ಓದಾಕತ್ತೀಯೇನು?” ಎಂದೆ. ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹಿಟ್ಟನ್ನು ಅಂಗಡಿಯ ಹೊರಗೆ ನಿಂತು ಅರ್ಧರ್ಧ ಮಾಡಿಕೊಂಡೆವು.

ನನ್ನ ಹೆಸರು ಶಿವಬಸಮ್ಮ, ಗದಗದ ಕಡೆಯವಳು. ಅಟ್ಲಾಂಟಾದ ಒಂದು ಲ್ಯಾಬಿನಲ್ಲಿ ಕಂಡವರ ರಕ್ತ, ಮೂತ್ರ ಪರೀಕ್ಷೆ ಮಾಡುತ್ತ ಆಯುಷ್ಯ ಕಳೆದು ರಿಟೈರ್ ಆದವಳು. ಅತ್ತೆಯ ನಾಲಿಗೆ ಮಾತ್ರ ರಿಟೈರ್ ಆಗಲಿಲ್ಲ ಎಂದು ಸೊಸೆ ಬೆನ್ನ ಹಿಂದೆ ಹೇಳುತ್ತಾಳೆ. ಮುಂದೆಯೇ ಹೇಳಬಹುದು, ನನಗೇನೂ ಬೇಜಾರಿಲ್ಲ. ತಾಹಿರಾ ಮೊದಮೊದಲು ನನ್ನನ್ನು ಆಂಟಿ ಎನ್ನುತ್ತಿದ್ದಳು. ಐವತ್ತರ ಹತ್ತಿರ ಬಂದವಳ ಬಾಯಲ್ಲಿ ಆಂಟಿ ಅನ್ನಿಸಿಕೊಳ್ಳುವ ಕರ್ಮ ನನಗೆ ಬೇಡ, ಅಕ್ಕ ಅನ್ನು ಎಂದೆ. ಅಂದಿನಿಂದ ಅಕ್ಕ.

ಅವಳು ಮೈಸೂರಿನ ಮಂಡಿ ಮೊಹಲ್ಲಾದವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಆದರೆ ಬೀದಿಯಲ್ಲಿ ಆಡುವುದಕ್ಕೆ ಹೆಣ್ಣುಮಗಳನ್ನು ಹೆಚ್ಚು ಬಿಡುತ್ತಿರಲಿಲ್ಲ. ಹಾಗಾಗಿ ಅವಳ ಕನ್ನಡವೆಲ್ಲ ಶಾಲೆಯಿಂದ, ಲೈಬ್ರರಿಯಿಂದ ಬಂದದ್ದು. ಕನ್ನಡ ಎಂ.ಎ.ಯಲ್ಲಿ ಮೆಡಲ್ ತೆಗೆದುಕೊಂಡಾಗ ಯಾರೋ ದೊಡ್ಡ ಮನುಷ್ಯರು, “ನಿಮ್ಮವರಲ್ಲಿ ಇಷ್ಟು ಒಳ್ಳೆಯ ಕನ್ನಡವೇ” ಎಂದು ಮೆಚ್ಚಿಕೊಂಡರಂತೆ. ಅವಳು ಅದನ್ನು ನಗುತ್ತ ಹೇಳಿದಳು, ನನಗೆ ಮೈ ಉರಿಯಿತು. ಅಂಥ ಮೆಚ್ಚುಗೆಯನ್ನು ಕೇಳಿ ಕೇಳಿಯೇ ಅವಳು ಒಂದು ಅಕ್ಷರವೂ ಜಾರದಂತೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಸಲಿಗೆಯಾದ ಮೇಲೆ ನನ್ನ ಹತ್ತಿರ ಎಲ್ಲರ ಹಾಗೆ ಅರ್ಧ ಇಂಗ್ಲಿಷು ಬೆರೆಸಿ ಹರಟುತ್ತಿದ್ದಳು. ಗಾಬರಿಯಾದರೆ, ಇಲ್ಲವೆ ಎದುರಿಗೆ ಹೊಸಬರಿದ್ದರೆ, ಮತ್ತೆ ಪುಸ್ತಕ.

ಗಂಡ ಅನ್ವರ್ ಪಾಷಾ ಟೈಲ್ಸ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ತಾಹಿರಾ ಅವನ ಜೊತೆ ಜಾರ್ಜಿಯಾಕ್ಕೆ ಬಂದಾಗ ಅವಳ ಮೆಡಲಿಗೆ ಇಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಶಾಲೆಯ ಕೆಫೆಟೇರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸಿದಳು. ಆಮೇಲೆ ಯಾರೋ ಹೇಳಿ, ಪರೀಕ್ಷೆ ಕಟ್ಟಿ, ಆಸ್ಪತ್ರೆಗಳಿಗೆ ಫೋನಿನಲ್ಲಿ ಕನ್ನಡ ಇಂಟರ್‌ಪ್ರಿಟರ್ ಆದಳು. ಇಂಗ್ಲಿಷು ಬಾರದ ನಮ್ಮ ಕಡೆಯ ಅಜ್ಜ ಅಜ್ಜಿಯರು ಎಲ್ಲೋ ಒಂದು ಆಸ್ಪತ್ರೆಯಲ್ಲಿ ಮಲಗಿರುತ್ತಾರೆ. ಡಾಕ್ಟರು ಫೋನ್ ಮಾಡುತ್ತಾರೆ, ಇವಳು ಮನೆಯಲ್ಲಿ ಕೂತು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುತ್ತಾಳೆ. ಬಟ್ಟೆ ಇಡುವ ಕೋಣೆಯಲ್ಲಿ ಒಂದು ಸಣ್ಣ ಮೇಜು, ಕಿವಿಗೆ ಹೆಡ್‌ಸೆಟ್. “ಕನ್ನಡದಿಂದ ಅಮೆರಿಕದಲ್ಲಿ ಅನ್ನ ತಿನ್ನೋರು ಎಷ್ಟು ಜನ ಇದಾರೆ ಹೇಳಿ ಅಕ್ಕ” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಆ ಕೆಲಸದಲ್ಲಿ ಒಂದು ನಿಯಮವಿದೆ. ರೋಗಿ ‘ನನಗೆ ತಲೆನೋವು’ ಎಂದರೆ ಇವಳೂ ‘ನನಗೆ ತಲೆನೋವು’ ಎಂದೇ ಇಂಗ್ಲಿಷಿನಲ್ಲಿ ಹೇಳಬೇಕು, ‘ಅವರಿಗೆ’ ಎನ್ನುವಂತಿಲ್ಲ. ಹಾಗಾಗಿ ದಿನಕ್ಕೊಂದು ಸಾರಿಯಾದರೂ ಇವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಮಲಬದ್ಧತೆ ಎಲ್ಲ ಬಂದು ಹೋಗುತ್ತಿತ್ತು. ನಾನು ಸಂಜೆ ಫೋನ್ ಮಾಡಿ “ಇವತ್ತ ನಿನಗ ಏನೇನ್ ಜಡ್ಡು ಬಂದಿದ್ದವು?” ಎಂದು ಕೇಳುತ್ತಿದ್ದೆ. ಯಾರ ಹೆಸರನ್ನೂ ಹೇಳುವಂತಿರಲಿಲ್ಲ, ಅವಳು ಹೇಳಿದವಳೂ ಅಲ್ಲ.

ಆ ಕೋಣೆಯ ಗೋಡೆಯಲ್ಲಿ ಒಂದು ಹಳೆಯ ಕಾಗದದ ಪ್ರತಿಗೆ ಗಾಜು ಹಾಕಿಸಿ ತೂಗುಹಾಕಿದ್ದಳು. ಅವಳ ತಂದೆಯ ಮನೆತನದಲ್ಲಿ ಇನ್ನೂರು ವರ್ಷದ ಹಿಂದೆ ಹಕೀಂ ಸಮೀಉಲ್ಲಾ ಸಾಹೇಬರೆಂಬವರು ಶ್ರೀರಂಗಪಟ್ಟಣದಲ್ಲಿ ವೈದ್ಯ ಮಾಡಿಕೊಂಡಿದ್ದರಂತೆ. ಆಗ ಗುಬ್ಬಿಯಲ್ಲಿ ಬಸಲಿಂಗಪ್ಪ ಎಂಬ ಬಟ್ಟೆ ವ್ಯಾಪಾರಿ, ಅವನ ಹೆಂಡತಿಗೆ ಕಾಯಿಲೆ. ಆಕೆಯನ್ನು ಗಾಡಿಯಲ್ಲಿ ಅಷ್ಟು ದೂರ ತರುವಂತಿಲ್ಲ, ಮುದುಕ ಹಕೀಮರು ಹೋಗುವಂತಿಲ್ಲ. ಕೊನೆಗೆ ಕಾಗದದಲ್ಲೇ ವೈದ್ಯ ನಡೆಯಿತು. ಹೆಂಡತಿ ಹೇಳಿದ್ದನ್ನು ಗಂಡ ಬರೆಯುವುದು, ಹಕೀಮರು ಹೇಳಿದ್ದನ್ನು ಒಬ್ಬ ಗುಮಾಸ್ತ ಕನ್ನಡದಲ್ಲಿ ಬರೆಯುವುದು, ಸಂತೆಗೆ ಹೋಗುವ ಗಾಡಿಯವರು ತಲುಪಿಸುವುದು.

ಹಕೀಮರ ಕಾಗದಗಳನ್ನು ತಾಹಿರಾ ನನಗೆ ಓದಿ ಹೇಳುತ್ತಿದ್ದಳು. “ನಿಮ್ಮ ಲಿಂಗಪೂಜೆ ಮುಗಿದ ಮೇಲೆ ಈ ಚೂರ್ಣವನ್ನು ಬಿಸಿನೀರಿನಲ್ಲಿ ತೆಗೆದುಕೊಳ್ಳತಕ್ಕದ್ದು. ನಿಮ್ಮ ಆಚಾರಕ್ಕೆ ಸಲ್ಲದ ವಸ್ತು ಇದರಲ್ಲಿ ಯಾವುದೂ ಇಲ್ಲವೆಂದು ಖಾತ್ರಿಯಾಗಿ ತಿಳಿಯುವುದು. ಜೇನು ನಿಮ್ಮ ಮನೆಯದನ್ನೇ ಬಳಸುವುದು. ಹುಣಸೆಹಣ್ಣು ಬಿಡತಕ್ಕದ್ದು. ಮಗಳ ಮದುವೆಯ ಚಿಂತೆಯನ್ನೂ ಸದ್ಯಕ್ಕೆ ಬಿಡತಕ್ಕದ್ದು.” ಕೇಳಿದರೆ ಆ ಮುದುಕರ ಮೇಲೆ ಪ್ರೀತಿ ಬರುವಂತಿತ್ತು.

ಗೋಡೆಯಲ್ಲಿದ್ದದ್ದು ಕೊನೆಯ ಕಾಗದ. ಅದನ್ನು ಓದುವಾಗಲೆಲ್ಲ ನಾವಿಬ್ಬರೂ ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದೆವು. “ತಾಯಿಯವರಿಗೆ ಹೊಟ್ಟೆಯುರಿ ಎಂದು ಬರೆದಿರುವಿರಿ. ನಾನು ನಿಮ್ಮ ಭಾಷೆಯನ್ನು ಕೇಳಿ ಕಲಿತವನು. ನೆರೆಯವರ ಸುಖ ಕಂಡು ಆಗುವುದಕ್ಕೂ ಹೊಟ್ಟೆಯುರಿ ಎನ್ನುವರೆಂದು ನನ್ನ ಗುಮಾಸ್ತ ಹೇಳುತ್ತಾನೆ. ಅದಾದರೆ ನನ್ನಲ್ಲಿ ಮದ್ದಿಲ್ಲ. ಒಡಲಿನ ಉರಿಯಾದರೆ, ಎಲ್ಲಿ ಎಂದು ತಾಯಿಯವರು ಕೈ ಇಟ್ಟು ತೋರಿಸಲಿ. ಕೈ ಇಟ್ಟ ಜಾಗವನ್ನು ನೋಡಿ ಜಾಗ್ರತೆ ಬರೆಯುವುದು. ತಿಳಿಯದೆ ಮದ್ದು ಹೇಳಲಾರೆ.”

ಈ ಕಾಗದ ಗುಬ್ಬಿ ಮುಟ್ಟುವಷ್ಟರಲ್ಲಿ ಆ ತಾಯಿ, ಬಸಲಿಂಗಪ್ಪನ ಹೆಂಡತಿ, ತೀರಿಕೊಂಡಿದ್ದರು. ಮನೆಯವರು ಇದನ್ನು ಒಡೆಯದೆ, ಹಿಂದಿನವುಗಳ ಜೊತೆ ಒಂದು ಬಟ್ಟೆಯಲ್ಲಿ ಕಟ್ಟಿ ಹಕೀಮರಿಗೆ ವಾಪಸು ಕಳಿಸಿದರಂತೆ. ತಾಹಿರಾ ಚಿಕ್ಕವಳಿದ್ದಾಗ ಯಾವ ಮಗು ಅತ್ತರೂ ಅವಳ ತಂದೆ “ಎಲ್ಲಿ, ಕೈ ಇಟ್ಟು ತೋರಿಸಿ” ಎಂದೇ ಕೇಳುತ್ತಿದ್ದರಂತೆ. ಅವರ ಮನೆಯಲ್ಲಿ ಅದೊಂದು ತಮಾಷೆಯ ಮಾತಾಗಿತ್ತು.

ಕೊರೊನಾ ಬಂದ ವರ್ಷ ತಾಹಿರಾಳಿಗೆ ಕೆಲಸದ ಮೇಲೆ ಕೆಲಸ. ಮಕ್ಕಳ ಮನೆಗೆ ಬಂದು ವಾಪಸು ಹೋಗಲಾರದೆ ಸಿಕ್ಕಿಬಿದ್ದ ಹಿರಿಯರೆಷ್ಟೋ ಮಂದಿ. ಆಸ್ಪತ್ರೆಗೆ ಸೇರಿದರೆ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆಗ ನಾವು ಫೋನಿನಲ್ಲಿ ಮಾತ್ರ ಮಾತಾಡುತ್ತಿದ್ದೆವು. ಮಾರನೆಯ ವರ್ಷ ಎಲ್ಲರೂ ವ್ಯಾಕ್ಸೀನ್ ಹಾಕಿಸಿಕೊಂಡ ಮೇಲೆ, ದೀಪಾವಳಿ ಕಳೆದು ಒಂದು ಭಾನುವಾರ ಅವಳು ನನ್ನ ಮನೆಗೆ ಬಂದಳು. ನಾನು ಸೋಫಾದಲ್ಲಿ ಮಲಗಿದ್ದೆ.

“ಮುಂಜಾನಿಂದ ಭಾಳ ಸಂಕಟ ಆಗಾಕತ್ತೈತಿ ತಾಹಿರಾ” ಎಂದೆ.

ಅವಳು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. “ಯಾಕಕ್ಕ? ಸೊಸೆ ಏನಾದ್ರೂ ಅಂದ್ರಾ? ಊರು ನೆನಪಾಯ್ತಾ?”

“ಸೊಸಿ ಏನಂತಾಳ? ನಿನ್ನೆ ಮೆಣಸಿನಕಾಯಿ ಬಜ್ಜಿ ತಿಂದಿದ್ದೆ. ಎದ್ಯಾಗ ಏನೋ ಹಿಂಡಿದಂಗ ಆಗ್ತೈತಿ, ವಾಂತಿ ಬಂದಂಗ ಆಗ್ತೈತಿ, ಬರಂಗಿಲ್ಲ. ಅದಕ್ಕ ಸಂಕಟ ಅಂತಾರ. ಎಂ.ಎ. ಮಾಡಿ ಅಷ್ಟೂ ಗೊತ್ತಿಲ್ಲೇನು ನಿನಗ?”

“ಹೊಟ್ಟೆ ಸಂಕಟ ಅಂತ ನಮ್ಮ ಕಡೆನೂ ಅಂತಾರೆ” ಎಂದಳು ನಿಧಾನಕ್ಕೆ. “ಬರೀ ಸಂಕಟ ಅಂದ್ರೆ ದುಃಖ ಅಲ್ವಾ ಅಕ್ಕ?”

“ದುಃಖ ಆದ್ರ ಯಾರು ಸಂಕಟ ಅಂತಾರ? ಅದು ನಿನ್ನ ಪದ್ಯದಾಗ. ನಮ್ಮ ಕಡೆ ಬ್ಯಾಸರ ಅಂದ್ರ ಬ್ಯಾಸರ, ನೋವು ಅಂದ್ರ ನೋವು, ಸಂಕಟ ಅಂದ್ರ ಸಂಕಟ. ಮೂರೂ ಬ್ಯಾರೆ.”

ಅವಳು ನನ್ನ ಕೈ ಬಿಟ್ಟಳು. “ಎದೆಯಲ್ಲಿ ಆದ್ರೂ ನೋವು ಅನ್ನಲ್ವಾ?” ಎಂದು ಕೇಳಿದಳು. ನೋವೇ ಬೇರೆ ಎಂದು ಮತ್ತೆ ಹೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು, ನೀರು ಸುಮ್ಮನೆ ಹರಿಯುತ್ತಿತ್ತು. ನನ್ನ ಸಂಕಟ ಬಿಟ್ಟು ನಾನೇ ಎದ್ದು ಹೋದೆ. ಆಗ ಹೇಳಿದಳು.

ಹಿಂದಿನ ವರ್ಷದ ಏಪ್ರಿಲ್ ತಿಂಗಳು. ನಾರ್ತ್ ಕ್ಯಾರೊಲೈನಾದ ಯಾವುದೋ ಆಸ್ಪತ್ರೆ. ಕೊರೊನಾ ಬಂದು ಮಲಗಿದ್ದ ಒಬ್ಬ ಅಜ್ಜಿ, ಫೋನಿನಲ್ಲಿ ಹುಡುಗು ದನಿಯ ಡಾಕ್ಟರು. ಉಸಿರಾಟ ಸುಧಾರಿಸಿದೆ, ಊಟ ಸೇರುತ್ತಿದೆ. ಮಾತಿನ ನಡುವೆ ಅಜ್ಜಿ “ನೀ ಯಾವೂರಾಕಿ ಯವ್ವಾ?” ಎಂದು ಕೇಳಿದ್ದರು. ಇಂಟರ್‌ಪ್ರಿಟರ್ ಸ್ವಂತ ಮಾತಾಡುವಂತಿಲ್ಲ. ಅದಕ್ಕೆ ಡಾಕ್ಟರ ಅಪ್ಪಣೆ ಕೇಳಿ ಮೈಸೂರು ಎಂದಳಂತೆ. “ಮೈಸೂರಾಕಿ ಏನು? ನಿನ್ನ ಮಾತು ಪುಸ್ತಕ ಓದಿದಂಗ ಐತಿ” ಎಂದು ಅಜ್ಜಿ ಮೆಚ್ಚಿಕೊಂಡರಂತೆ. ಆಮೇಲೆ ಡಾಕ್ಟರು ಎದೆನೋವು ಇದೆಯೇ ಎಂದು ಕೇಳಿದರು. “ನೋವೇನಿಲ್ಲವ್ವ, ಸಂಕಟ ಆಗಾಕತ್ತೈತಿ” ಎಂದರು ಅಜ್ಜಿ.

“ನಾನು ‘ಐ ಹ್ಯಾವ್ ನೋ ಪೇನ್, ಐ ಯಾಮ್ ವೆರಿ ಸ್ಯಾಡ್’ ಅಂದೆ ಅಕ್ಕ. ಪಾಪ ಒಂಟಿಯಾಗಿದಾರೆ, ಸ್ಯಾಡ್ ಆಗೋದು ನ್ಯಾಚುರಲ್ ಅಂದ್ರು ಡಾಕ್ಟ್ರು. ನರ್ಸಿಗೆ ಹೇಳಿ ಮಗನಿಗೆ ವಿಡಿಯೋ ಕಾಲ್ ಮಾಡಿಸ್ತೀನಿ ಅಂದ್ರು. ಕಾಲ್ ಕಟ್ ಆಯ್ತು. ಒಂದೇ ಒಂದು ಕ್ವೆಶ್ಚನ್ ಕೇಳೋಕೆ ನಮಗೆ ಪರ್ಮಿಷನ್ ಇದೆ, ಇಂಟರ್‌ಪ್ರಿಟರ್ ಕ್ಲಾರಿಫೈ ಮಾಡ್ಕೋತಾರೆ ಅಂತ ಹೇಳಿ ಕೇಳ್ಬಹುದು. ಎಲ್ಲಿ ಅಂತ ಕೇಳ್ಬಹುದಿತ್ತು. ನನಗೆ ಡೌಟೇ ಬರ್ಲಿಲ್ಲ. ಆ ಮಾತು ನನಗೆ ಚೆನ್ನಾಗಿ ಗೊತ್ತು ಅಂದ್ಕೊಂಡೆ.”

ಆ ಕಾಲ್ ತೆಗೆದುಕೊಂಡಾಗಲೂ ಅವಳ ಎದುರಿನ ಗೋಡೆಯಲ್ಲೇ ಹಕೀಮರ ಕಾಗದ ಇತ್ತು.  

ಅವಳ ಕೆಲಸದ ಕ್ರೂರತನವೇ ಅದು. ಫೋನ್ ಇಟ್ಟ ಮೇಲೆ ಆ ಮನುಷ್ಯರಿಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ, ಕೇಳುವಂತೆಯೂ ಇಲ್ಲ. ಇವಳು ಕೆಲಸ ಕೊಡುವ ಏಜೆನ್ಸಿಗೆ ತಾನೇ ತಪ್ಪು ಒಪ್ಪಿ ಬರೆದಳು. ಹಳೆಯ ಕಾಲ್, ಈಗ ಏನೂ ಮಾಡಲಾಗದು ಎಂದು ಸೌಜನ್ಯದ ಉತ್ತರ ಬಂತು. ಅವರಾದರೂ ಇನ್ನೇನು ಮಾಡಿಯಾರು. ಅಂದಿನಿಂದ ತಾಹಿರಾಳಿಗೆ ಒಂದೇ ಪ್ರಶ್ನೆ. ಅನ್ನ ಕಲಸುತ್ತ, ಕಾರಿನಲ್ಲಿ ಸಿಗ್ನಲ್ಲಿಗೆ ನಿಂತಾಗ, ಫೋನಿನಲ್ಲಿ ಇನ್ನೇನೋ ಮಾತಿನ ಮಧ್ಯೆ, “ಬದುಕಿರಬಹುದಾ ಅಕ್ಕ?”

ನಾನು ಮೊದಮೊದಲು ಸಮಾಧಾನ ಹೇಳಿದೆ. ಆಗಿನ ಗಲಾಟೆಯಲ್ಲಿ ಡಾಕ್ಟರಿಗೇ ಏನೂ ತಿಳಿಯುತ್ತಿರಲಿಲ್ಲ, ಅಜ್ಜಿಗೆ ಬರಿಯ ಅಜೀರ್ಣವಾಗಿದ್ದಿರಲೂಬಹುದು ಎಂದೆ. ಆಮೇಲಾಮೇಲೆ ಗದರಿದೆ. ಅನ್ವರ್ ಪಾಷಾ ಪಾಪ ಮೆತ್ತಗಿನ ಮನುಷ್ಯ. “ಅಕ್ಕ, ನೀವಾದ್ರೂ ಸ್ವಲ್ಪ ಹೇಳಿ. ಊಟ ಸರಿಯಾಗಿ ಮಾಡ್ತಿಲ್ಲ, ನಮಾಜ್‌ಗೆ ಕೂತ್ರೆ ಏಳೋದೇ ಇಲ್ಲ” ಎಂದು ನನಗೆ ಫೋನ್ ಮಾಡುತ್ತಿದ್ದ. ಒಮ್ಮೆ ಹೋದ ನಾನು ಅವಳ ಕೋಣೆಯೊಳಗೆ ಇಣುಕಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಹಕೀಮರನ್ನು ತೆಗೆದು ಎಲ್ಲೋ ಒಳಗಿಟ್ಟಿದ್ದಳು.

ಕೆಲಸದಲ್ಲಿ ಮಾತ್ರ ಎಲ್ಲದಕ್ಕೂ ಎಲ್ಲಿ ಎಂದು ಕೇಳುವುದು ಶುರುವಾಯಿತು. ಯಾರೋ ಒಬ್ಬರು ಫೋನಿನಲ್ಲಿ ಕಾದು ಕಾದು ಸಾಕಾಗಿ “ತಲೆ ಕೆಟ್ಟೋಗಿದೆ ಕಣ್ರೀ” ಎಂದರಂತೆ. ಇವಳು “ತಲೆಯ ಯಾವ ಭಾಗದಲ್ಲಿ, ಕೈ ಇಟ್ಟು ಹೇಳಿ” ಎಂದಳಂತೆ. ಅವರು ಇವಳಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಅದನ್ನು ಹೇಳುವಾಗ ನಾನು ನಕ್ಕೆ, ಅವಳು ನಗಲಿಲ್ಲ.

ಹೀಗೆಯೇ ಒಂದೂವರೆ ವರ್ಷದ ಮೇಲಾಯಿತು. ನನ್ನ ತಮ್ಮನ ಮಗಳು ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಮನೆ ತೆಗೆದುಕೊಂಡು ಗೃಹಪ್ರವೇಶಕ್ಕೆ ಕರೆದಳು. ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬಾತ, ಹೆಸರು ಸಿದ್ಧಲಿಂಗೇಶ್, ಅಲ್ಲಿಯ ಸರಕಾರದ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್. ಹುಬ್ಬಳ್ಳಿ ಹತ್ತಿರದ ಊರಿನವನಾದರೂ ಕಾಲೇಜಿಗೆಂದು ಮೈಸೂರಿಗೆ ಹೋಗಿ ಅಲ್ಲಿಯ ಮಾತೇ ನಾಲಿಗೆಗೆ ಹತ್ತಿತ್ತು. ನಾನು ಬಡಿಸುವವರಿಗೆ “ಆ ಬದನಿಕಾಯಿ ಇತ್ತಾಗ ತರ್ರಿ” ಎಂದು ಕೂಗಿದ್ದನ್ನು ಕೇಳಿ ಅವನು ಕೈ ತಡೆದು ಕೂತ.

“ನಿಮ್ಮ ಮಾತು ಕೇಳಿದ್ರೆ ನಮ್ಮಮ್ಮ ಮಾತಾಡಿದ ಹಾಗೇ ಇದೆ ಆಂಟಿ” ಎಂದ.

ತಾಯಿಯ ಹೆಸರು ಶಿವಕ್ಕ. ಮೊಮ್ಮಗಳನ್ನು ನೋಡಲು ಬಂದವರು ವಿಮಾನ ನಿಂತು ಇಲ್ಲೇ ಉಳಿದರು. ಕೊರೊನಾ ಹಿಡಿಯಿತು, ಆಸ್ಪತ್ರೆಗೆ ಸೇರಿಸಿದರು. ಗುಣವಾಗುತ್ತಿದ್ದಾರೆ ಎನ್ನುವಾಗಲೇ ಒಂದು ಬೆಳಗಿನ ಜಾವ ಹೃದಯ ನಿಂತಿತು. “ಹಿಂದಿನ ದಿನ ವಿಡಿಯೋ ಕಾಲ್‌ನಲ್ಲಿ ಚೆನ್ನಾಗೇ ಮಾತಾಡಿದ್ರು ಆಂಟಿ. ಒಂಟಿ ಆಗಿದೀನಿ ಅಂತ ಸ್ವಲ್ಪ ಬೇಜಾರ್ ಮಾಡ್ಕೊಂಡಿದ್ರು ಅಷ್ಟೆ. ಅವತ್ತು ಯಾರೋ ಇಂಟರ್‌ಪ್ರಿಟರ್ ಕನ್ನಡದಲ್ಲಿ ಮಾತಾಡ್ಸಿದ್ರಂತೆ. ‘ಮೈಸೂರಾಕಿ ಒಬ್ಬಾಕಿ, ಪುಸ್ತಕ ಓದಿದಂಗ ಮಾತಾಡ್ತಾಳ’ ಅಂತ ನಗ್ತಿದ್ರು. ಕೊನೇ ದಿನ ಅಮ್ಮನ ಜೊತೆ ಕನ್ನಡ ಮಾತಾಡಿದ್ರಲ್ಲ, ಅವರು ಯಾರು ಅಂತ ಗೊತ್ತಾದ್ರೆ ಒಂದ್ಸಲ ಕಾಲಿಗೆ ಬೀಳ್ಬೇಕು ಅನ್ಸತ್ತೆ.”

ಬಾಯಿಗೆ ಒಯ್ದಿದ್ದ ಹೋಳಿಗೆಯನ್ನು ಕೆಳಗಿಟ್ಟೆ. ಅವನ ನಂಬರ್ ತೆಗೆದುಕೊಂಡೆ, ಅಷ್ಟೆ. ಮನಸ್ಸಿಗೆ ಬಂದದ್ದನ್ನು ಅಲ್ಲಿಯೇ ಆಡಿ ಮುಗಿಸುವ ಹೆಂಗಸು ನಾನು. ಅವತ್ತು ಮಾತನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದೆ.

ತಾಹಿರಾಳಿಗೆ ಹೇಳಬಾರದೆಂದೇ ಇದ್ದೆ. ಎರಡು ವಾರ ತಪ್ಪಿಸಿಕೊಂಡು ತಿರುಗಿದೆ. ಒಂದು ದಿನ ಅವಳು ಬಂದು ಬಟಾಣಿ ಸುಲಿಯುತ್ತ ಕೂತಿದ್ದಾಗ ಮತ್ತೆ ಅದೇ ಪ್ರಶ್ನೆ, “ಬದುಕಿರಬಹುದಾ ಅಕ್ಕ?” ಎಂದಿನ ಹಾಗೆ ಗದರುವುದಕ್ಕೆ ಬಾಯಿ ತೆರೆದೆ, ಗದರಲಾಗಲಿಲ್ಲ. ನಾನು ಸುಮ್ಮನಾದದ್ದನ್ನು ನೋಡಿಯೇ ಅವಳಿಗೆ ತಿಳಿಯಿತು. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ.

“ಅವರ ಹೆಸರೇನು?” ಎಂದಳು.

“ಶಿವಕ್ಕ.”

“ಶಿವಕ್ಕ” ಎಂದು ತಾನೂ ಒಂದು ಸಾರಿ ಹೇಳಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಟಾಣಿಯ ಬೋಗುಣಿ ಪಕ್ಕಕ್ಕಿಟ್ಟು “ನಾನು ಹೋಗಿ ಹೇಳ್ಬೇಕು ಅಕ್ಕ” ಎಂದಳು.

“ಹುಚ್ಚು ಹಿಡದೈತೇನು ನಿನಗ? ಆತ ನಿನ್ನ ಕಾಲಿಗೆ ಬೀಳ್ತೀನಿ ಅನ್ನಾಕತ್ತಾನ. ತಾಯಿ ನಗ್ತಾ ಇದ್ಲು ಅಂತ ಸಮಾಧಾನದಾಗ ಇದ್ದಾನ. ಹೋಗಿ ಏನ್ ಹೇಳ್ತಿ? ನಿಮ್ಮವ್ವನ ಮಾತು ನನಗ ತಿಳೀಲಿಲ್ಲ ಅಂತೀಯೇನು? ನಿನ್ನ ಹೊರಿ ಇಳಿಸಾಕ ಅವನ ತಲಿ ಮ್ಯಾಲ ಇಡ್ತೀಯೇನು?”

“ಬಯ್ದ್ರೆ ಬಯ್ಲಿ. ಕಂಪ್ಲೇಂಟ್ ಮಾಡ್ಲಿ. ಕೆಲಸ ಹೋದ್ರೆ ಹೋಗ್ಲಿ. ಇಲ್ದೇ ಇರೋ ಉಪಕಾರಕ್ಕೆ ಅವರು ನನ್ನ ನೆನೆಸ್ಕೋತಿದ್ರೆ ನಾನು ಹೇಗೆ ಸುಮ್ನೆ ಇರ್ಲಿ?”

 ಹೇಳಿದ್ದನ್ನು ಕೇಳದ ಹಟಮಾರಿ ಎಂದು ಬೈದೆ, ಬೈಯುತ್ತಲೇ ಸಿದ್ಧಲಿಂಗೇಶನಿಗೆ ಫೋನ್ ಮಾಡಿದೆ. ಇಂಟರ್‌ಪ್ರಿಟರ್ ಸಿಕ್ಕಿದ್ದಾಳೆ, ಬರುತ್ತಿದ್ದೇವೆ ಎಂದಷ್ಟೇ ಹೇಳಿದೆ. ಒಂದು ಶನಿವಾರ ಅನ್ವರ್ ಪಾಷಾ ಡ್ರೈವ್ ಮಾಡಿಕೊಂಡು ನಮ್ಮನ್ನು ರಾಲಿಗೆ ಕರೆದೊಯ್ದ. ಸೌತ್, ನಾರ್ತ್ ಎರಡೂ ಕ್ಯಾರೊಲೈನಾಗಳನ್ನು ಹಾಯ್ದು ಹೋಗುವ ಅಷ್ಟು ದೂರದ ದಾರಿಯಲ್ಲಿ ತಾಹಿರಾ ತುಟಿ ಅಲ್ಲಾಡಿಸುತ್ತಿದ್ದಳು. ಪ್ರಾರ್ಥನೆಯೋ, ಹೇಳಬೇಕಾದ ಮಾತಿನ ಅಭ್ಯಾಸವೋ, ನಾನು ಕೇಳಲಿಲ್ಲ.

ಸಿದ್ಧಲಿಂಗೇಶ್ ಬಾಗಿಲಲ್ಲೇ ಕಾಯುತ್ತಿದ್ದ. ಹೆಂಡತಿ ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಹಾಲ್‌ನ ಗೋಡೆಯಲ್ಲಿ ಶಿವಕ್ಕನ ಫೋಟೋ, ಹಣೆಯ ತುಂಬ ವಿಭೂತಿ, ನನ್ನ ದೊಡ್ಡಮ್ಮನ ಹಾಗೆಯೇ ಇದ್ದ ಮುಖ. ತಾಹಿರಾ ಅದರ ಮುಂದೆ ನಿಂತವಳು ಕೂರಲಿಲ್ಲ. ಅನ್ವರ್ ಪಾಷಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮುದುಡಿಕೊಂಡು ಕೂತ. ಸಿದ್ಧಲಿಂಗೇಶ್ ಒಳಗಿನಿಂದ ಒಂದು ತಟ್ಟೆ ತಂದ. ಅದರಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಒಂದು ಇಳಕಲ್ ಸೀರೆ.

“ಅಮ್ಮ ಊರಿಂದ ತಂದಿದ್ದು ಆಂಟಿ, ಮಡಿಕೆ ಬಿಚ್ಚಿಲ್ಲ. ಯಾರಿಗೆ ಕೊಡ್ಬೇಕು ಅಂತ ಗೊತ್ತಾಗ್ದೆ ಹಾಗೇ ಇಟ್ಟಿದ್ದೆ. ನೀವು ಇಟ್ಕೋಬೇಕು” ಎಂದು ತಾಹಿರಾಳ ಮುಂದೆ ಹಿಡಿದ.

ಅವಳ ಕೈ ಮುಂದೆ ಬರಲಿಲ್ಲ. ಗಾಬರಿಯಾದಾಗ ಆಗುವಂತೆ ಅವಳ ಮಾತು ಮತ್ತೆ ಪುಸ್ತಕವಾಯಿತು. “ಮೊದಲು ನಾನು ಹೇಳುವುದನ್ನು ಕೇಳಿ. ಎದೆನೋವು ಇದೆಯೇ ಎಂದು ಡಾಕ್ಟರು ಕೇಳಿದರು. ನಿಮ್ಮ ತಾಯಿಯವರು ನೋವಿಲ್ಲ, ಸಂಕಟವಾಗುತ್ತಿದೆ ಎಂದರು. ನಾನು ಅದನ್ನು ದುಃಖ ಎಂದು ತಿಳಿದು ಡಾಕ್ಟರಿಗೆ ಹಾಗೆಯೇ ಹೇಳಿದೆ. ಅದು ದುಃಖವಾಗಿರಲಿಲ್ಲ. ಎದೆಯ ಸಂಕಟವಾಗಿದ್ದಿರಬೇಕು. ನಾನು ಎಲ್ಲಿ ಎಂದು ಕೇಳಲಿಲ್ಲ. ಕೇಳಿದ್ದರೆ ಡಾಕ್ಟರು ಬೇರೆ ಏನಾದರೂ ಮಾಡುತ್ತಿದ್ದರು. ತಪ್ಪು ನನ್ನದು. ನೀವು ಏನು ಶಿಕ್ಷೆ ಕೊಟ್ಟರೂ ಸರಿ.”

ಅವನು ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಈಗ ಕೂಗಾಡುತ್ತಾನೆ ಎಂದುಕೊಂಡೆ. ಕೂಗಾಡಿದರೆ ನಡುವೆ ಬೀಳಲು ನಾನು ಸೆರಗು ಸಿಕ್ಕಿಸಿಕೊಂಡೇ ಕೂತಿದ್ದೆ.

“ಸಂಕಟ ಅಂದ್ರಾ?” ಎಂದ.

“ಹೌದು.”

“ಅದೇ ಮಾತಾ? ಬೇಜಾರು ಅನ್ಲಿಲ್ವಾ?”

“ಇಲ್ಲ. ಸಂಕಟ ಎಂದರು. ನನಗೆ ಚೆನ್ನಾಗಿ ನೆನಪಿದೆ.”

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿನ ಮೇಲೆ ಕೂತ. ದೊಡ್ಡ ಆಳು, ಅಷ್ಟು ಅಗಲದ ಹೆಗಲು, ಕೂತ ರೀತಿಗೆ ಸಣ್ಣ ಹುಡುಗನ ಹಾಗೆ ಕಂಡ. 

“ನನಗೂ ಅದನ್ನೇ ಅಂದ್ರು ಆಂಟಿ” ಎಂದ ಆಮೇಲೆ. “ವಿಡಿಯೋ ಕಾಲ್‌ನಲ್ಲಿ. ‘ಸಿದ್ದೂ, ಸಂಕಟ ಆಗಾಕತ್ತೈತಿ’ ಅಂದ್ರು. ನಾನು, ಬೇಜಾರ್ ಮಾಡ್ಕೋಬೇಡಮ್ಮ, ಇನ್ನೆರಡು ದಿನ, ಮನೆಗೆ ಕರ್ಕೊಂಡ್ ಬರ್ತೀನಿ ಅಂದೆ. ಎಲ್ಲರ ಹತ್ರನೂ ಅಮ್ಮ ಬೇಜಾರಲ್ಲಿದ್ರು ಅಂತಾನೇ ಹೇಳ್ಕೊಂಡ್ ಬಂದಿದೀನಿ. ಅವರು ಆ ಮಾತೇ ಆಡಿರ್ಲಿಲ್ಲ. ಬೇಜಾರು ಅನ್ನೋದು ನನ್ನ ಮಾತು.”

“ನೀವು ಹಾಗೆ ತಿಳಿದದ್ದು ಸಹಜ” ಎಂದು ತಾಹಿರಾ ಶುರುಮಾಡಿದಳು. ಅವನು ಕೈ ಎತ್ತಿ ತಡೆದ.

“ನಿಮಗೆ ಗೊತ್ತಿರ್ಲಿಲ್ಲ ಆಂಟಿ. ನನಗೆ ಗೊತ್ತಿತ್ತು. ಚಿಕ್ಕೋನಿದ್ದಾಗ ಅಮ್ಮ ಸಂಕಟ ಅಂದ್ರೆ ಅಂಗಡಿಗೆ ಓಡಿಹೋಗಿ ಸೋಡಾ ತರ್ತಿದ್ದೋನು ನಾನೇ. ಎಲ್ಲಿ ಅಂತ ಕೇಳೋದೂ ಬೇಕಾಗಿರ್ಲಿಲ್ಲ ನನಗೆ.”

ತಾಹಿರಾ ಗೋಡೆಗೆ ಒರಗಿಕೊಂಡಳು. ತನ್ನ ಮೇಲೆ ಏನಾದರೂ ಬೀಳಲಿ ಎಂದು ಅಷ್ಟು ದೂರ ಬಂದವಳು. ಬಿದ್ದದ್ದು ಅವನ ಮೇಲೆ, ಹಾಕಿದವಳು ಅವಳೇ. ಬೇಡ ಎಂದು ನಾನು ಹೇಳಿದ್ದೆ. ಆದರೆ ಹೇಳಿದ್ದೆ ಎಂಬುದರಿಂದ ಆ ಹೊತ್ತಿನಲ್ಲಿ ನನಗೆ ಯಾವ ಸುಖವೂ ಆಗಲಿಲ್ಲ. 

ಸಿದ್ಧಲಿಂಗೇಶ್ ತಲೆ ಎತ್ತಿ ನನ್ನ ಕಡೆ ನೋಡಿದ. ಆ ಮನೆಯಲ್ಲಿ ಅವನ ತಾಯಿಯ ಮಾತು ಆಡುವವಳು ನಾನೊಬ್ಬಳೇ.

“ನೀವು ಹೇಳಿ ಆಂಟಿ. ನಿಮ್ಮ ಕಡೆ, ಅಂದ್ರೆ ನಮ್ಮ ಕಡೆ, ಬೇಜಾರಾದ್ರೂ ಸಂಕಟ ಅಂತಾರೆ ಅಲ್ವಾ? ಅಂತಾರಲ್ವಾ?”

ತಾಹಿರಾ ನನ್ನ ಮುಖವನ್ನೇ ನೋಡುತ್ತಿದ್ದಳು. ಸೋಫಾದಲ್ಲಿ ಮಲಗಿ, ಬಜ್ಜಿಯ ಸಿಟ್ಟಿನಲ್ಲಿ, ಮೂರೂ ಬೇರೆ ಎಂದು ಬೆರಳು ಮಡಚಿ ಅವಳಿಗೆ ಹೇಳಿದವಳು ನಾನು.

“ಅಂತೀವಪ್ಪ” ಎಂದೆ. “ಬ್ಯಾಸರ ಆದ್ರೂ ಹಂಗ ಅಂತೀವಿ. ನಿಮ್ಮವ್ವ ನಿನ್ನ ನೆನಸಿಕೊಂಡು ಅಂದಿರಬೇಕು.”

ಅವನು ತಲೆ ಆಡಿಸಿದ, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಾಹಿರಾ ಮೇಜಿನ ಹತ್ತಿರ ಹೋಗಿ ತಟ್ಟೆಯಲ್ಲಿದ್ದ ಸೀರೆಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನಾನು ಆಡಿದ್ದನ್ನು ಅವಳು ತಿದ್ದಲಿಲ್ಲ.